ವೈದ್ಯರನ್ನೂ ಭೌತಶಾಸ್ತ್ರಜ್ಞರನ್ನೂ ಒಂದೇ ಸಂಖ್ಯೆಯಿಂದ ಅಳೆಯಬೇಡಿ: ಕುಲಪತಿಗಳಿಗೆ, ಆಯ್ಕೆ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಮತ್ತು ನೇಮಕಾತಿ, ಬಡ್ತಿ ಸಮಿತಿಗಳಲ್ಲಿ ಕೂರುವ ಹಿರಿಯರಿಗೆ,

ನಮಸ್ಕಾರ.

ನಾನು ಓದಿದ್ದು ಭೌತಶಾಸ್ತ್ರ. ಕೆಲಸ ಮಾಡುವುದು ಕ್ಯಾನ್ಸರ್ ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ. ರೋಗಿಗೆ ಎಷ್ಟು ವಿಕಿರಣ ಕೊಡಬೇಕು ಅಂತ ವೈದ್ಯರು ಬರೆಯುತ್ತಾರೆ. ಅದು ಯಾವ ಕೋನದಿಂದ ಹೋಗಬೇಕು, ಗಡ್ಡೆಗೆ ಎಷ್ಟು ತಾಗುತ್ತದೆ, ಪಕ್ಕದ ಬೆನ್ನುಹುರಿಗೆ ಎಷ್ಟು ತಾಗಬಾರದು ಅನ್ನುವ ಲೆಕ್ಕ ನಮ್ಮದು. ಯಂತ್ರ ಹೇಳಿದಷ್ಟೇ ಡೋಸ್ ಕೊಡುತ್ತಿದೆಯಾ ಅಂತ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ನೋಡುವವರೂ ನಾವೇ. ನಮ್ಮಂಥವರ ಸಂಶೋಧನಾ ಪೇಪರ್‌ಗಳು ಕೆಲವು ವೈದ್ಯಕೀಯ ಜರ್ನಲ್‌ಗಳಲ್ಲಿ ಬರುತ್ತವೆ, ಕೆಲವು ಭೌತಶಾಸ್ತ್ರದ ಜರ್ನಲ್‌ಗಳಲ್ಲಿ. ಹಾಗಾಗಿ ಈ ಎರಡು ಕಡೆಯ ಲೆಕ್ಕ ಎಷ್ಟು ಬೇರೆ ಅನ್ನುವುದು ನಮಗೆ ಚೆನ್ನಾಗಿ ಗೊತ್ತು.

ಆದರೆ ನಿಮ್ಮ ಮುಂದೆ ಬಂದು ಕೂತಾಗ ಆ ವ್ಯತ್ಯಾಸ ಎಲ್ಲೂ ಕಾಣುವುದಿಲ್ಲ. "ಎಚ್-ಇಂಡೆಕ್ಸ್ ಎಷ್ಟು? ಒಟ್ಟು ಸೈಟೇಶನ್ ಎಷ್ಟು? ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿದರೆ ಎಷ್ಟಾಗುತ್ತೆ?" ಸೈಟೇಶನ್ ಅಂದರೆ ಒಂದು ಪೇಪರನ್ನು ಬೇರೆ ಪೇಪರ್‌ಗಳು ಹೆಸರಿಸುವುದು, ಅಂದರೆ ಉಲ್ಲೇಖ. ಮಿಕ್ಕ ಎರಡೂ ಅದರಿಂದಲೇ ಕಟ್ಟಿದ ಸಂಖ್ಯೆಗಳು: ಎಚ್-ಇಂಡೆಕ್ಸ್ ಸಂಶೋಧಕರದು, ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನದು. ನಾನು ಹಾಜರಾದ ಒಂದು ಸಂದರ್ಶನದಲ್ಲಿ (ಸಂಸ್ಥೆಯ ಹೆಸರು ಇಲ್ಲಿ ಬೇಡ) ಪೇಪರಿನ ಒಳಗೆ ಏನಿದೆ ಅಂತ ಯಾರೂ ಒಂದು ಮಾತು ಕೇಳಲಿಲ್ಲ. ನನ್ನ ಮೊಬೈಲ್‌ನಲ್ಲೇ ಗೂಗಲ್ ಸ್ಕಾಲರ್ (ಯಾರ ಪೇಪರ್‌ಗೆ ಎಷ್ಟು ಉಲ್ಲೇಖ ಅಂತ ತೋರಿಸುವ ತಾಣ) ತೆಗೆಸಿ ನೋಡಿದರು, ಒಂದು ಸಂಖ್ಯೆ ಬರೆದುಕೊಂಡರು, ಮುಂದಿನವರನ್ನು ಕರೆದರು. ಮುಂದಿನವರು ಒಬ್ಬ ವೈದ್ಯರು. ಅವರ ಸಂಖ್ಯೆ ನನ್ನದಕ್ಕಿಂತ ತುಂಬಾ ಜಾಸ್ತಿ ಇತ್ತು. ಅವರು ಒಳ್ಳೆಯ ಸಂಶೋಧಕರು, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಅವರ ಮೇಲಲ್ಲ. ನಮ್ಮಿಬ್ಬರನ್ನು ಆ ಒಂದು ಸಂಖ್ಯೆಯ ಪಕ್ಕ ಪಕ್ಕ ನಿಲ್ಲಿಸಿದ್ದು ರಾಗಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ನನ್ನ ಮಾತು ನಂಬಬೇಡಿ, ಸಿಟಿ ಸ್ಕ್ಯಾನಿನ ಗಣಿತ ಬಿಡಿಸಿದ ಒಬ್ಬ ನೊಬೆಲ್ ವಿಜೇತರ ಕತೆ ಕೇಳಿ.

ಅಲನ್ ಕಾರ್ಮ್ಯಾಕ್ ದಕ್ಷಿಣ ಆಫ್ರಿಕಾದವರು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು. 1955ರಲ್ಲಿ ಅಲ್ಲಿನ ಗ್ರೂಟೆ ಸ್ಖೂರ್ ಆಸ್ಪತ್ರೆಯ ಭೌತಶಾಸ್ತ್ರಜ್ಞರು ಕೆಲಸ ಬಿಟ್ಟಿದ್ದರು. ರೇಡಿಯೋ ಐಸೋಟೋಪ್ (ವಿಕಿರಣ ಸೂಸುವ ವಸ್ತು) ಬಳಸುವ ಕಡೆ ಒಬ್ಬ ಭೌತಶಾಸ್ತ್ರಜ್ಞ ಇರಲೇಬೇಕು ಅನ್ನುವ ಕಾನೂನು ಅಲ್ಲಿತ್ತು. ಹಾಗಾಗಿ ಕಾರ್ಮ್ಯಾಕ್ ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ದೊಡ್ಡ ಕೊರತೆ. ವಿಕಿರಣ ಚಿಕಿತ್ಸೆಯ ಲೆಕ್ಕ ಹಾಕುವಾಗ ದೇಹದ ಒಳಗೆಲ್ಲ ಒಂದೇ ವಸ್ತು ಇದೆ ಅಂತ ಭಾವಿಸಿಕೊಳ್ಳುತ್ತಿದ್ದರು. ಮೂಳೆ, ಶ್ವಾಸಕೋಶ, ಮಾಂಸ ಎಲ್ಲಾ ಒಂದೇ! ಹಾಗಾದರೆ ಹೊರಗಿನಿಂದ ಎಕ್ಸ್-ರೇ ಹಾಯಿಸಿ, ಬೇರೆ ಬೇರೆ ಕೋನಗಳಿಂದ ಅಳೆದು, ಒಳಗೆ ಎಲ್ಲಿ ಏನಿದೆ ಅಂತ ಗಣಿತದಿಂದ ಕಂಡುಹಿಡಿಯಬಹುದಾ ಅಂತ ಅವರು ಯೋಚಿಸಿದರು. ಆಮೇಲೆ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಸೇರಿದರು. ಬಿಡುವಾದಾಗ ಈ ಲೆಕ್ಕ ಮಾಡುತ್ತಾ ಹೋದರು. 1963ರಲ್ಲಿ ಒಂದು, 1964ರಲ್ಲಿ ಇನ್ನೊಂದು ಪೇಪರ್ 'ಜರ್ನಲ್ ಆಫ್ ಅಪ್ಲೈಡ್ ಫಿಸಿಕ್ಸ್'ನಲ್ಲಿ ಬಂತು.

ಏನಾಯಿತು? ಹೆಚ್ಚುಕಮ್ಮಿ ಏನೂ ಆಗಲಿಲ್ಲ. ಯಾರೂ ಗಮನಿಸಲಿಲ್ಲ. ಪೇಪರಿನ ಪ್ರತಿ ಬೇಕು ಅಂತ ಬಂದ ಪತ್ರಗಳಲ್ಲಿ ಬಹಳ ಕುತೂಹಲದ್ದು ಅಂದರೆ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು. ಬೆಟ್ಟದ ಮೇಲಿನ ಹಿಮ ಅಳೆಯಲು ಇದು ಉಪಯೋಗಕ್ಕೆ ಬರುತ್ತದಾ ಅನ್ನುವುದು ಅವರಿಗೆ ಬೇಕಿತ್ತು. ಇದನ್ನು ಕಾರ್ಮ್ಯಾಕ್ ತಮ್ಮ ನೊಬೆಲ್ ಭಾಷಣದಲ್ಲೇ ಹೇಳಿಕೊಂಡಿದ್ದಾರೆ. ಅತ್ತ ಇಂಗ್ಲೆಂಡಿನಲ್ಲಿ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್, ಕಾರ್ಮ್ಯಾಕ್ ಕೆಲಸದ ಸುಳಿವೇ ಇಲ್ಲದೆ, ಸ್ವಂತವಾಗಿ ಯಂತ್ರ ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್‌ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ ಮೊದಲ ಸಲ ಒಬ್ಬ ರೋಗಿಯ ತಲೆಯ ಸಿಟಿ ಸ್ಕ್ಯಾನ್ ಆಯಿತು. 1979ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ಇಬ್ಬರಲ್ಲಿ ಒಬ್ಬರಿಗೂ ಪಿಎಚ್‌ಡಿ ಇರಲಿಲ್ಲ, ಇಬ್ಬರೂ ವೈದ್ಯರಲ್ಲ. ಇನ್ನೂ ಒಂದು ವಿಷಯ ಇದೆ. ಕಾರ್ಮ್ಯಾಕ್ ಕಷ್ಟಪಟ್ಟು ಬಿಡಿಸಿದ ಗಣಿತವನ್ನು ಯೋಹಾನ್ ರಾಡೋನ್ ಅನ್ನುವ ಗಣಿತಜ್ಞರು 1917ರಲ್ಲೇ ಜರ್ಮನ್ ಭಾಷೆಯಲ್ಲಿ ಬಿಡಿಸಿ ಇಟ್ಟಿದ್ದರು. ಅದು ಇವರಿಗೆ ಗೊತ್ತಾಗಿದ್ದು ತಮ್ಮ ಪೇಪರ್ ಬಂದು ಸುಮಾರು ವರ್ಷಗಳಾದ ಮೇಲೆ.

ಈಗ ಯೋಚಿಸಿ. 1966ರಲ್ಲಿ ಕಾರ್ಮ್ಯಾಕ್ ನಿಮ್ಮ ಸಮಿತಿಯ ಮುಂದೆ ಬಂದಿದ್ದರೆ? ಡಾಕ್ಟರೇಟ್ ಇಲ್ಲ. ಮುಖ್ಯ ವಿಷಯದ ಆಚೆ ಬರೆದ ಎರಡು ಪೇಪರ್. ಅವನ್ನು ಕೇಳುವವರಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವುದು ಒಂದು ಜರ್ನಲ್‌ನ ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಅನ್ನುವ ಲೆಕ್ಕ. ಎರಡೇ ವರ್ಷ! ಸಿಟಿ ಸ್ಕ್ಯಾನಿನ ಗಣಿತ ಪ್ರಕಟವಾಗಿ ಎಂಟು ವರ್ಷ ಆದಮೇಲೆ ಮೊದಲ ರೋಗಿ ಮಲಗಿದ್ದು. ಇವತ್ತು ತಾಲ್ಲೂಕು ಕೇಂದ್ರದ ಡಯಾಗ್ನಾಸ್ಟಿಕ್ ಸೆಂಟರ್‌ನಲ್ಲೂ ಸಿಟಿ ಇದೆ. ತಲೆಗೆ ಪೆಟ್ಟು ಬಿದ್ದವರನ್ನು ಕರೆದುಕೊಂಡು ಬಂದರೆ ಮೊದಲು ಕೇಳುವುದೇ ಸಿಟಿ ಆಯ್ತಾ ಅಂತ.

ಇದು ಹೊರದೇಶದ ಕತೆ ಅನ್ನಿಸಿದರೆ ನಮ್ಮ ಬೆಂಗಳೂರಿಗೇ ಬನ್ನಿ. ಜಿ.ಎನ್. ರಾಮಚಂದ್ರನ್ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡವರು ಸಿ.ವಿ. ರಾಮನ್. ಮುಂದೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1954ರಲ್ಲಿ, ಗೋಪಿನಾಥ್ ಕರ್ತ ಜೊತೆ ಸೇರಿ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ಸುರುಳಿ ರಚನೆಯನ್ನು ಮುಂದಿಟ್ಟರು. 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಬರೆದ ಪೇಪರ್‌ನಿಂದ 'ರಾಮಚಂದ್ರನ್ ಪ್ಲಾಟ್' ಬಂತು, ಪ್ರೋಟೀನಿನ ಎಳೆ ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ ನಕ್ಷೆ. ಜೀವರಸಾಯನಶಾಸ್ತ್ರ ಓದಿದ ಎಂಬಿಬಿಎಸ್ ಹುಡುಗರಿಗೂ ಆ ಹೆಸರು ಗೊತ್ತು. ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಹೇಳಬೇಕಿರುವುದು 1971ರ ಪೇಪರ್ ಬಗ್ಗೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟುತ್ತಿದ್ದ ಕಾಲದಲ್ಲೇ ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಅಮೆರಿಕದ ವಿಜ್ಞಾನ ಅಕಾಡೆಮಿಯ ಜರ್ನಲ್‌ನಲ್ಲಿ ಐದು ಪುಟದ ಪೇಪರ್ ಬರೆದರು. ಎಕ್ಸ್-ರೇ ನೆರಳುಗಳಿಂದ ಒಳಗಿನ ಚಿತ್ರ ಕಟ್ಟಲು ಫೂರಿಯೆ ಲೆಕ್ಕದ ಉದ್ದ ದಾರಿ ಹಿಡಿಯಬೇಕಿಲ್ಲ, ಕನ್ವಲ್ಯೂಷನ್ ಅನ್ನುವ ಸುಲಭದ ಲೆಕ್ಕ ಸಾಕು ಅಂತ ತೋರಿಸಿದರು. ಆಗಿನ ಕಂಪ್ಯೂಟರ್‌ಗಳ ಶಕ್ತಿ ನೆನಪಿಸಿಕೊಂಡರೆ ಇದರ ಬೆಲೆ ಗೊತ್ತಾಗುತ್ತದೆ. ಅವರಿಬ್ಬರ ಹೆಸರು ಸೇರಿಸಿ 'ರಾಮ್-ಲ್ಯಾಕ್ ಫಿಲ್ಟರ್' ಅಂತ ಇವತ್ತಿಗೂ ಕರೆಯುತ್ತಾರೆ. ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ಇಂಥ ಚಿತ್ರ ಕಟ್ಟುವ ಆಜ್ಞೆ ಕೊಟ್ಟರೆ, ನೀವು ಬೇರೇನೂ ಹೇಳದಿದ್ದರೆ, ಅದು ಬಳಸುವುದೇ ರಾಮ್-ಲ್ಯಾಕ್. ಜಗತ್ತಿನ ಎಷ್ಟು ವಿದ್ಯಾರ್ಥಿಗಳು ಅದನ್ನು ಬಳಸಿ ಪೇಪರ್ ಬರೆದಿರುತ್ತಾರೆ! ಅವರಲ್ಲಿ ಎಷ್ಟೋ ಜನ 1971ರ ಪೇಪರ್ ಉಲ್ಲೇಖಿಸುವುದಿಲ್ಲ. ಉಲ್ಲೇಖಿಸಬೇಕು ಅಂತ ಅವರಿಗೆ ಅನ್ನಿಸುವುದೂ ಇಲ್ಲ. ಒಂದು ವಿಚಾರ ಎಲ್ಲರ ಸ್ವತ್ತಾದ ಮೇಲೆ ಅದಕ್ಕೆ ಸೈಟೇಶನ್ ಬರುವುದು ನಿಂತುಹೋಗುತ್ತದೆ. ರಾಂಟ್ಜೆನ್ ಅವರ 1895ರ ಪೇಪರನ್ನು ಉಲ್ಲೇಖಿಸಿ ಯಾವ ವೈದ್ಯರೂ ಎಕ್ಸ್-ರೇ ವರದಿ ಬರೆಯುವುದಿಲ್ಲ, ಅಲ್ವಾ?

ಅಂದರೆ ಸೈಟೇಶನ್ ಸುಳ್ಳು ಅಂತಲ್ಲ. ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅನ್ನುವುದನ್ನು ನೀವು ತಿಳಿದಿರಬೇಕು. ಅಷ್ಟೇ ನನ್ನ ಬೇಡಿಕೆ.

ವೈದ್ಯಕೀಯದಲ್ಲಿ ಉಲ್ಲೇಖ ಜಾಸ್ತಿ ಬರುತ್ತದೆ. ಕಾರಣ ಸರಳ. ಅಲ್ಲಿ ಬರೆಯುವವರು ಜಾಸ್ತಿ, ಜರ್ನಲ್‌ಗಳು ಜಾಸ್ತಿ, ಒಂದೊಂದು ಪೇಪರಿನ ಕೊನೆಯ ಪಟ್ಟಿಯೂ ಉದ್ದ. ಒಂದು ಚಿಕಿತ್ಸಾ ಮಾರ್ಗಸೂಚಿ ಬಂತು ಅಂದರೆ ಆ ಕಾಯಿಲೆಯ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಅದನ್ನು ಹೆಸರಿಸಲೇಬೇಕು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಜರ್ನಲ್ ಒಂದಿದೆ. ಅದರಲ್ಲಿ ಪ್ರತಿ ವರ್ಷ ಕ್ಯಾನ್ಸರ್ ಅಂಕಿಅಂಶ ಬರುತ್ತದೆ. ಕ್ಯಾನ್ಸರ್ ಬಗ್ಗೆ ಬರೆಯುವವರ ಮೊದಲ ವಾಕ್ಯವೇ 'ಈ ವರ್ಷ ಇಷ್ಟು ಜನರಿಗೆ ಕ್ಯಾನ್ಸರ್' ಅಂತ ಇರುವುದರಿಂದ 2020ಕ್ಕೆ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 508 ದಾಟಿತ್ತು. ಭೌತಶಾಸ್ತ್ರದಲ್ಲಿ ಎಲ್ಲರೂ ಕನಸು ಕಾಣುವ 'ಫಿಸಿಕಲ್ ರಿವ್ಯೂ ಲೆಟರ್ಸ್'ನದು ಹತ್ತರ ಒಳಗೆ. ಹಾಗಾದರೆ ಆ ಅಂಕಿಅಂಶ ಕೂಡಿಸಿದ ಕೆಲಸ, ಅದೇ 'ಲೆಟರ್ಸ್'ನಲ್ಲಿ ಹಿಗ್ಸ್ ಕಣ ಇರಬೇಕು ಅಂತ ಊಹಿಸಿ ಬರೆದದ್ದಕ್ಕಿಂತ ಐವತ್ತು ಪಟ್ಟು ದೊಡ್ಡದಾ? ಯಾರೂ ಹಾಗೆ ಹೇಳುವುದಿಲ್ಲ. ಆದರೆ ನಿಮ್ಮ ಅಂಕಪಟ್ಟಿ ಹಾಗೇ ಹೇಳುತ್ತದೆ. 'ದಿ ಲ್ಯಾನ್ಸೆಟ್' ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2020ಕ್ಕೆ 79ರ ಆಸುಪಾಸು ಇದ್ದದ್ದು 2021ಕ್ಕೆ 202ಕ್ಕೆ ಜಿಗಿಯಿತು. ಒಂದೇ ವರ್ಷದಲ್ಲಿ ಅಲ್ಲಿನ ಸಂಶೋಧನೆಯ ಗುಣಮಟ್ಟ ಎರಡೂವರೆ ಪಟ್ಟು ಏರಿತಾ? ಇಲ್ಲ. ಕೋವಿಡ್ ಬಂದಿತ್ತು.

ಇನ್ನು ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್ ಯಾವುದು ಗೊತ್ತಾ? 1951ರಲ್ಲಿ ಆಲಿವರ್ ಲೋರಿ ಮತ್ತು ಜೊತೆಗಾರರು ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. 2014ರ ಹೊತ್ತಿಗೆ ಅದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ ಬಂದಿತ್ತು. ಬಹಳ ಉಪಯೋಗದ ಕೆಲಸ, ಗೌರವದಿಂದಲೇ ಹೇಳುತ್ತಿದ್ದೇನೆ. ಆ ವರ್ಷ 'ನೇಚರ್' ಪತ್ರಿಕೆ ತೆಗೆದ ಮೊದಲ ನೂರರ ಪಟ್ಟಿಗೆ ಸೇರಲು 12,119 ಉಲ್ಲೇಖ ಬೇಕಿತ್ತು. ಐನ್‌ಸ್ಟೈನ್ ಅವರ ಒಂದು ಪೇಪರೂ ಅದರಲ್ಲಿ ಇರಲಿಲ್ಲ.

ಭೌತಶಾಸ್ತ್ರದವರು ಯಾವಾಗಲೂ ಸೋಲುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಕೆಲವು ಕಡೆ ಲೆಕ್ಕ ಪೂರಾ ತಿರುಗುಮುರುಗು. 2015ರಲ್ಲಿ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಹಿಗ್ಸ್ ಕಣದ ತೂಕ ಅಳೆದು ಬರೆದ ಪೇಪರ್‌ಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ. ಅಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಇರುತ್ತವೆ. ಮೊದಲ ಹೆಸರಿನವರು ಜಾಸ್ತಿ ಕೆಲಸ ಮಾಡಿದರು ಅಂತ ಅರ್ಥ ಅಲ್ಲ. ವೈದ್ಯಕೀಯದಲ್ಲಿ ಹಾಗಲ್ಲ. ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಮಾರ್ಗದರ್ಶಕರದು, ನಡುವಿನದು ಉಳಿದವರದು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಜಾನ್ ಇಯೊನಿಡಿಸ್ ಮತ್ತು ಜೊತೆಗಾರರು ಒಂದು ವರ್ಷದಲ್ಲಿ 72ಕ್ಕಿಂತ ಹೆಚ್ಚು, ಅಂದರೆ ಐದು ದಿನಕ್ಕೊಂದು, ಪೇಪರ್ ಪ್ರಕಟಿಸಿದವರು ಯಾರು ಅಂತ ಹುಡುಕಿದರು. 9,000ಕ್ಕೂ ಹೆಚ್ಚು ಹೆಸರು ಸಿಕ್ಕವು. ಅವರಲ್ಲಿ ಶೇಕಡ 86ರಷ್ಟು ಭೌತಶಾಸ್ತ್ರದವರು, ಮುಖ್ಯವಾಗಿ ಇಂಥ ದೊಡ್ಡ ತಂಡಗಳಲ್ಲಿ ಇರುವವರು. ಅದರಲ್ಲಿ ಮೋಸ ಏನೂ ಇಲ್ಲ. ಯಂತ್ರ ಕಟ್ಟಿದವರು, ಡೇಟಾ ಕಾಯ್ದವರು, ಎಲ್ಲರ ಹೆಸರೂ ಹಾಕುವುದು ಅಲ್ಲಿನ ನ್ಯಾಯ. ಆದರೆ ಅಂಥ ತಂಡದಲ್ಲಿರುವ ಕಣ ಭೌತಶಾಸ್ತ್ರಜ್ಞರನ್ನೂ, ಒಬ್ಬರೇ ಕೂತು ಸಿದ್ಧಾಂತ ಬರೆಯುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಪೇಪರ್ ಎಣಿಸಿದರೆ ಏನಾಗುತ್ತದೆ? ಹಿಗ್ಸ್ ಕಣ ಇರಬೇಕು ಅಂತ 1964ರಲ್ಲಿ ಊಹಿಸಿದ ಪೀಟರ್ ಹಿಗ್ಸ್ ಅವರೇ 2013ರಲ್ಲಿ, ನೊಬೆಲ್ ಬಂದ ವರ್ಷ, ಇವತ್ತಿನ ಕಾಲದಲ್ಲಾಗಿದ್ದರೆ ತಮಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ ಅಂತ ಹೇಳಿದರು. 1964ರ ಆ ಕೆಲಸದ ನಂತರ ಅವರು ಬರೆದದ್ದು ಹತ್ತಕ್ಕಿಂತ ಕಡಿಮೆ ಪೇಪರ್.

ಈಗ ನಮ್ಮ ನಿಯಮಕ್ಕೆ ಬರೋಣ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಸಂಶೋಧನಾ ಅಂಕದ ಕೋಷ್ಟಕವನ್ನು ದಯವಿಟ್ಟು ಇನ್ನೊಮ್ಮೆ ತೆಗೆದು ನೋಡಿ. ವಿಜ್ಞಾನ, ಎಂಜಿನಿಯರಿಂಗ್, ಕೃಷಿ, ವೈದ್ಯಕೀಯ, ಪಶುವೈದ್ಯಕೀಯ ಎಲ್ಲಕ್ಕೂ ಸೇರಿ ಒಂದೇ ಕಾಲಂ. ಕಲೆ, ಮಾನವಿಕಗಳಿಗೆ ಬೇರೆ ಕಾಲಂ ಕೊಡಬೇಕು ಅಂತ ಹೊಳೆದಿದೆ. ಭೌತಶಾಸ್ತ್ರಕ್ಕೂ ವೈದ್ಯಕೀಯಕ್ಕೂ ಬೇರೆ ಬೇಕು ಅಂತ ಹೊಳೆದಿಲ್ಲ. ಒಂದು ಪೇಪರ್‌ಗೆ 8 ಅಂಕ. ಅದರ ಮೇಲೆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರ ನಡುವೆ ಇದ್ದರೆ 20, 10ಕ್ಕಿಂತ ಜಾಸ್ತಿ ಇದ್ದರೆ 30. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇಕಡ 70, ಉಳಿದ ಪ್ರತಿಯೊಬ್ಬರಿಗೂ ಶೇಕಡ 30.

ಹೀಗೆ ಕೂಡಿ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ 3 ಇರುವ ಭೌತಶಾಸ್ತ್ರದ ಜರ್ನಲ್‌ನಲ್ಲಿ ಒಬ್ಬರೇ ಎರಡು ವರ್ಷ ಕಷ್ಟಪಟ್ಟು ಬರೆದ ಪೇಪರ್‌ಗೆ 28 ಅಂಕ. ಇಂಪ್ಯಾಕ್ಟ್ ಫ್ಯಾಕ್ಟರ್ 10 ದಾಟಿದ ದೊಡ್ಡ ವೈದ್ಯಕೀಯ ಜರ್ನಲ್‌ಗಳ ಮೂರು ಪೇಪರ್‌ಗಳಲ್ಲಿ, ಇಪ್ಪತ್ತು ಹೆಸರುಗಳ ನಡುವೆ ಹದಿಮೂರನೆಯದಾಗಿ ಸುಮ್ನೆ ಹೆಸರಿದ್ದವರಿಗೆ 34.2 ಅಂಕ. ಅದೇ ನಿಯಮವನ್ನು ಸರ್ನ್‌ನ ಆ ಪೇಪರ್‌ಗೆ ಹಚ್ಚಿದರೆ 5,154 ಜನರಿಗೆ ಹಂಚಿಹೋಗುವುದು ಸುಮಾರು 1,546 ಪೇಪರ್‌ಗಳಷ್ಟು ಅಂಕ. ಒಂದು ಪೇಪರ್‌ನಿಂದ! ಇದನ್ನು ಬರೆದವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಸಮಿತಿಯ ಪಕ್ಷಪಾತ ತಪ್ಪಿಸಲು ಸಂಖ್ಯೆ ತಂದರು. ಆ ಕಾಳಜಿ ನಿಜವಾದದ್ದು. ಶಿಫಾರಸು, ಜಾತಿ, ಪರಿಚಯ ಇವೆಲ್ಲ ನಡೆಯುವ ಕಡೆ ಸಂಖ್ಯೆ ಒಂದು ರಕ್ಷಣೆ ಅಂತ ಎಷ್ಟೋ ಪ್ರಾಮಾಣಿಕ ಅಧ್ಯಾಪಕರು ನಂಬಿದ್ದಾರೆ. ಅವರ ಭಯ ನನಗೂ ಅರ್ಥ ಆಗುತ್ತದೆ. ಆದರೆ ಈ ಸಂಖ್ಯೆ ಆ ರಕ್ಷಣೆ ಕೊಡುತ್ತಿಲ್ಲ. ಪರಿಚಯ ಇದ್ದವರು ಈಗ ಪೇಪರ್‌ನಲ್ಲಿ ಹೆಸರು ಸೇರಿಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

2025ರ ಜನವರಿಯಲ್ಲಿ ಬಂದ ಯುಜಿಸಿ ಕರಡಿನಲ್ಲಿ ಈ ಅಂಕದ ಪದ್ಧತಿ ಬಿಡುವ ಮಾತಿತ್ತು. ಒಳ್ಳೆಯದು. ಆದರೆ ದೆಹಲಿಯ ಕರಡಿಗಾಗಿ ನೀವು ಕಾಯಬೇಕಿಲ್ಲ. ನೇಮಕಾತಿಯಲ್ಲಿ ಕೋಷ್ಟಕ ಅರ್ಜಿ ಸೋಸಲು ಮಾತ್ರ. ಸಂದರ್ಶನದ ಕೋಣೆಯಲ್ಲಿ ಏನು ಕೇಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ.

ಎಚ್-ಇಂಡೆಕ್ಸ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. 2005ರಲ್ಲಿ ಇದನ್ನು ತಂದವರು ಹೋರ್ಹೆ ಹಿರ್ಶ್, ಕ್ಯಾಲಿಫೋರ್ನಿಯಾದ ಭೌತಶಾಸ್ತ್ರಜ್ಞರು. ಇಪ್ಪತ್ತು ಪೇಪರ್‌ಗಳಿಗೆ ತಲಾ ಇಪ್ಪತ್ತಾದರೂ ಉಲ್ಲೇಖ ಇದ್ದರೆ ನಿಮ್ಮ ಎಚ್ ಇಪ್ಪತ್ತು. ಅವರ ಮೂಲ ಪೇಪರ್‌ನಲ್ಲೇ ಒಂದು ಎಚ್ಚರಿಕೆ ಇದೆ. ಭೌತಶಾಸ್ತ್ರದಲ್ಲಿ ಆಗ ಅವರು ಕಂಡ ಅತಿ ಹೆಚ್ಚಿನ ಎಚ್ 110, ಎಡ್ವರ್ಡ್ ವಿಟೆನ್ ಅವರದು. ಜೀವವಿಜ್ಞಾನದಲ್ಲಿ 191, ಸಾಲೊಮನ್ ಸ್ನೈಡರ್ ಅವರದು. ಎರಡು ಕ್ಷೇತ್ರಗಳ ಅಳತೆ ಬೇರೆ ಅಂತ ಕಂಡುಹಿಡಿದವರೇ ಮೊದಲ ದಿನವೇ ಹೇಳಿದ್ದರು. 2020ರಲ್ಲಿ ಅದೇ ಹಿರ್ಶ್, ತಾನು ತಂದ ಈ ಅಳತೆಯಿಂದ ಅಂದುಕೊಳ್ಳದ ಕೆಟ್ಟ ಪರಿಣಾಮಗಳಾಗಬಹುದು ಅಂತ ಬೇಸರದಿಂದ ಬರೆದರು. ಎಲ್ಲರೂ ಒಪ್ಪಿರುವ ಸಿದ್ಧಾಂತವನ್ನು ಪ್ರಶ್ನಿಸುವವರಿಗೆ ಉಲ್ಲೇಖ ಸಿಗುವುದಿಲ್ಲ, ಹಾಗಾಗಿ ಯಾರೂ ಪ್ರಶ್ನಿಸಲು ಹೋಗುವುದಿಲ್ಲ ಅನ್ನುವುದು ಅವರ ನೋವು.

ಮತ್ತೆ, ಆ ಸಂಖ್ಯೆ ಎಲ್ಲಿಂದ ತೆಗೆದಿರಿ ಅನ್ನುವುದೂ ಮುಖ್ಯ. ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧ, ಪ್ರೀಪ್ರಿಂಟ್ (ಜರ್ನಲ್ ಒಪ್ಪುವ ಮುಂಚೆಯೇ ಹಾಕಿದ ಪ್ರತಿ), ಸಮ್ಮೇಳನದ ಬರಹ ಎಲ್ಲಾ ಸೇರುತ್ತದೆ. ಸ್ಕೋಪಸ್ ಅನ್ನುವ ಡೇಟಾಬೇಸ್‌ನಲ್ಲಿ ಕಡಿಮೆ, ವೆಬ್ ಆಫ್ ಸೈನ್ಸ್ ಅನ್ನುವುದರಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಒಬ್ಬರ ಗೂಗಲ್ ಸಂಖ್ಯೆಯನ್ನು ಇನ್ನೊಬ್ಬರ ಸ್ಕೋಪಸ್ ಸಂಖ್ಯೆಯ ಪಕ್ಕ ಬರೆದುಕೊಂಡ ಸಮಿತಿಯನ್ನು ನಾನು ನೋಡಿದ್ದೇನೆ. ವಯಸ್ಸನ್ನೂ ನೋಡಬೇಕು. ಎಚ್-ಇಂಡೆಕ್ಸ್ ಯಾವತ್ತೂ ಇಳಿಯುವುದಿಲ್ಲ. ಮೂವತ್ತೈದರ ಹುಡುಗಿ ಎಷ್ಟೇ ಚುರುಕಾಗಿದ್ದರೂ ಐವತ್ತೈದರವರ ಸಂಖ್ಯೆ ಮುಟ್ಟುವುದು ಕಷ್ಟ. ಹೆರಿಗೆಗೆ, ಮಗುವಿಗೆ ಅಂತ ಎರಡು ವರ್ಷ ಬಿಟ್ಟಿದ್ದರೆ ಕೇಳಲೇಬೇಡಿ.

ಪ್ರತಿ ವರ್ಷ 'ಸ್ಟ್ಯಾನ್‌ಫರ್ಡ್ ಶೇಕಡ 2 ವಿಜ್ಞಾನಿಗಳ ಪಟ್ಟಿ' ಬಂದಾಗ ನಮ್ಮ ಕಾಲೇಜುಗಳು ಫ್ಲೆಕ್ಸ್ ಹಾಕುತ್ತವೆ. ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ. ಅದರಲ್ಲಿ ಹೆಸರು ಬಂದವರಿಗೆ ನನ್ನ ಅಭಿನಂದನೆ. ಆದರೆ ಆ ಪಟ್ಟಿಯನ್ನು ಅದು ಹೇಗಿದೆಯೋ ಹಾಗೆ ಓದಿ. ಅದು ಪ್ರಶಸ್ತಿ ಅಲ್ಲ. ಇಯೊನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಡೇಟಾ ಇಟ್ಟುಕೊಂಡು ಮಾಡಿದ ಲೆಕ್ಕ. ಅದರ ಒಳ್ಳೆಯ ಗುಣ ಏನೆಂದರೆ, ಅದು ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಒಡೆದು, ಪ್ರತಿಯೊಬ್ಬರೂ ತಮ್ಮ ಉಪಕ್ಷೇತ್ರದಲ್ಲಿ ಎಷ್ಟನೆಯವರು ಅಂತ ತೋರಿಸುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿದ್ದನ್ನು ತೆಗೆದೂ ತೋರಿಸುತ್ತದೆ. ಒಬ್ಬರೇ ಬರೆದದ್ದು, ಮೊದಲ ಲೇಖಕರಾಗಿ ಬರೆದದ್ದು, ಕೊನೆಯ ಲೇಖಕರಾಗಿ ಬರೆದದ್ದು ಬೇರೆ ಬೇರೆ ಎಣಿಸುತ್ತದೆ. ನಮ್ಮವರು ಫ್ಲೆಕ್ಸ್‌ಗೆ ಹಾಕುವುದು ಹೆಸರು ಮಾತ್ರ. ಈ ವಿವರಗಳನ್ನು ಯಾರೂ ನೋಡುವುದಿಲ್ಲ. ನಮ್ಮಂಥ ಎರಡು ದೋಣಿಯವರ ಕಷ್ಟ ಅಲ್ಲೂ ಪೂರ್ತಿ ತೀರಿಲ್ಲ. ಯಾವ ಉಪಕ್ಷೇತ್ರದಲ್ಲಿ ಜಾಸ್ತಿ ಪೇಪರ್ ಇದೆಯೋ ಅದಕ್ಕೆ ಒಬ್ಬರನ್ನು ಸೇರಿಸುತ್ತಾರೆ. ವಿಕಿರಣ ಡೋಸ್ ಲೆಕ್ಕ ಮಾಡುವ ಭೌತಶಾಸ್ತ್ರಜ್ಞರು ರೇಡಿಯಾಲಜಿ ವೈದ್ಯರ ಜೊತೆ ಸ್ಪರ್ಧೆಗೆ ನಿಲ್ಲಬೇಕಾಗಬಹುದು.

ತಪ್ಪು ಅಳತೆಯಿಂದ ನನ್ನಂಥವರಿಗೆ ಕೆಲಸ ತಪ್ಪುವುದು ಅಷ್ಟೇ ಅಲ್ಲ. ಇನ್ನೂ ದೊಡ್ಡ ಕೇಡಾಗುತ್ತದೆ. ವೈದ್ಯಕೀಯ ಕಾಲೇಜಿನಲ್ಲಿ ಬಡ್ತಿಗೆ ಇಂತಿಷ್ಟು ಪೇಪರ್ ಬೇಕು ಅಂದಾಗ ಬೆಳಿಗ್ಗೆಯಿಂದ ಒಪಿಡಿ, ಮಧ್ಯಾಹ್ನ ಆಪರೇಷನ್, ರಾತ್ರಿ ಕರೆ ಬಂದರೆ ಓಡುವ ಸರ್ಜನ್ ಏನು ಮಾಡಬೇಕು? ದುಡ್ಡು ಕೊಟ್ಟರೆ ಪೇಪರ್ ಬರೆದುಕೊಡುವ ಅಂಗಡಿಗಳಿವೆ. 2023ರಲ್ಲಿ ಹಿಂದಾವಿ ಅನ್ನುವ ಒಂದೇ ಪ್ರಕಾಶನ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಭೌತಶಾಸ್ತ್ರದಲ್ಲಿ ಸುಳ್ಳು ಪೇಪರ್ ಬಂದರೆ ಸಮಯ ಹಾಳು. ವೈದ್ಯಕೀಯದಲ್ಲಿ ಸುಳ್ಳು ಪೇಪರ್ ಬಂದರೆ ಯಾವುದೋ ಊರಿನ ರೋಗಿಗೆ ತಪ್ಪು ಔಷಧಿ ಹೋಗಬಹುದು. ಇದು ನನ್ನನ್ನು ನಿಜವಾಗಿ ಹೆದರಿಸುತ್ತದೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಇದು ನಾನು ಹೊಸದಾಗಿ ಕಟ್ಟಿದ್ದೇನಲ್ಲ. 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಶುರುವಾದ 'ಡೋರಾ' ಘೋಷಣೆ, 2015ರ ಲೈಡನ್ ಪ್ರಣಾಳಿಕೆ, ಸಂಶೋಧನೆಯನ್ನು ಹೇಗೆ ಅಳೆಯಬೇಕು ಅಂತ ಹೇಳುವ ಇವೆರಡೂ ಇದೇ ದಾರಿ ತೋರಿಸುತ್ತವೆ. ಮೊದಲನೆಯದಾಗಿ, ಅರ್ಜಿಯಲ್ಲಿ ಐದೇ ಪೇಪರ್ ಕೇಳಿ. ಅಭ್ಯರ್ಥಿಯೇ ಆರಿಸಲಿ. ಒಂದೊಂದರ ಕೆಳಗೆ 'ಇದರಲ್ಲಿ ನಾನು ಮಾಡಿದ್ದು ಇದು' ಅಂತ ಹತ್ತು ಸಾಲು ಬರೆಯಲಿ. ಯೋಚನೆ ಯಾರದು, ಅಳತೆ ಯಾರು ಮಾಡಿದರು, ಕೋಡ್ ಯಾರು ಬರೆದರು, ರೋಗಿಗಳನ್ನು ಯಾರು ನೋಡಿದರು. ಈಗ ಬಹಳಷ್ಟು ಜರ್ನಲ್‌ಗಳೇ ಇಂಥ 14 ಬಗೆಯ ಪಾತ್ರಗಳ ವಿವರ ಕೇಳುತ್ತವೆ, ಹಾಗಾಗಿ ತಾಳೆ ನೋಡಲು ಕಷ್ಟ ಇಲ್ಲ. ಸರ್ನ್‌ನಂಥ ತಂಡದಿಂದ ಬಂದವರಿದ್ದರೆ ತಂಡದ ಮುಖ್ಯಸ್ಥರ ಪತ್ರ ಕೇಳಿ, ಒಳಗಿನ ಟಿಪ್ಪಣಿಗಳಲ್ಲಿ ಅವರ ಕೆಲಸ ಎಲ್ಲಿದೆ ಅಂತ ಕೇಳಿ. ಆಮೇಲೆ ಸಮಿತಿಯಲ್ಲಿ ಒಬ್ಬರಾದರೂ ಆ ಐದರಲ್ಲಿ ಎರಡನ್ನು ಪೂರ್ತಿ ಓದಿ ಬಂದಿರಬೇಕು. ಐವತ್ತು ಅರ್ಜಿ ಬಂದರೆ ಸಾಧ್ಯವಿಲ್ಲ ಅಂತೀರಾ? ಕೊನೆಯ ಹತ್ತು ಜನರಿಗಾದರೂ ಮಾಡಿ. ಮೂವತ್ತು ವರ್ಷ ಪಾಠ ಮಾಡುವವರನ್ನು ಆರಿಸುತ್ತಿದ್ದೀರಿ, ಎರಡು ದಿನ ಓದುವುದು ಹೆಚ್ಚೇನಲ್ಲ.

ಸಂಖ್ಯೆ ಬೇಕೇ ಬೇಕು ಅಂದರೆ ಸರಿಯಾದ ಸಂಖ್ಯೆ ತೆಗೆಯಿರಿ. ಅದೇ ಉಪವಿಷಯದಲ್ಲಿ, ಅದೇ ವರ್ಷ ಬಂದ ಪೇಪರ್‌ಗಳ ಸರಾಸರಿಗೆ ಹೋಲಿಸಿದರೆ ಇವರದ್ದು ಎಲ್ಲಿ ನಿಲ್ಲುತ್ತದೆ ಅನ್ನುವ ಲೆಕ್ಕ ಇದೆ. ನಿಮ್ಮ ಗ್ರಂಥಪಾಲಕರಿಗೆ ಅದು ಗೊತ್ತು, ಅವರನ್ನು ಕೇಳಿ. ಎಲ್ಲರಿಗೂ ಒಂದೇ ಡೇಟಾಬೇಸ್‌ನಿಂದ ತೆಗೆಸಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಕೂಡುವುದಂತೂ ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು, ಇದು ನಮ್ಮ ವೃತ್ತಿಗೆ ಸೇರಿದ್ದು. ಆಸ್ಪತ್ರೆಯಲ್ಲಿ ಭೌತಶಾಸ್ತ್ರಜ್ಞರು ಮಾಡುವ ಒಳ್ಳೆಯ ಕೆಲಸದಲ್ಲಿ ಬಹಳಷ್ಟು ಪೇಪರ್ ಆಗುವುದೇ ಇಲ್ಲ. ಒಂದು ಯಂತ್ರದ ತಪ್ಪು ಹಿಡಿದದ್ದು, ಒಂದು ಹೊಸ ಡೋಸ್ ಪರೀಕ್ಷಾ ವಿಧಾನ ತಂದದ್ದು, ಸಣ್ಣ ಊರಿನ ಕೇಂದ್ರಕ್ಕೆ ಹೋಗಿ ಅಲ್ಲಿನವರಿಗೆ ಕಲಿಸಿದ್ದು. ಪ್ರೋಟಾನ್‌ಗಳಿಂದ ಕ್ಯಾನ್ಸರ್ ಚಿಕಿತ್ಸೆ ಮಾಡಬಹುದು ಅಂತ 1946ರಲ್ಲಿ ರಾಬರ್ಟ್ ವಿಲ್ಸನ್ ಅನ್ನುವ ಕಣ ಭೌತಶಾಸ್ತ್ರಜ್ಞರು ವೈದ್ಯರ ಜರ್ನಲ್ ಒಂದರಲ್ಲಿ ಪುಟ್ಟ ಪೇಪರ್ ಬರೆದರು. ಅದು ಅವರ ಮುಖ್ಯ ಕೆಲಸವಲ್ಲ, ಮುಂದೆ ಅವರು ಅಮೆರಿಕದ ದೊಡ್ಡ ಕಣ ಭೌತಶಾಸ್ತ್ರ ಪ್ರಯೋಗಾಲಯ ಫರ್ಮಿಲ್ಯಾಬ್ ಕಟ್ಟಿದರು. ಇವತ್ತು ಪಕ್ಕದ ಚೆನ್ನೈನಲ್ಲಿ ಪ್ರೋಟಾನ್ ಚಿಕಿತ್ಸೆ ಸಿಗುತ್ತಿದೆ. ಎರಡು ವಿಷಯಗಳ ಗಡಿಯಲ್ಲಿ ನಿಂತವರಿಗೆ ಜಾಗ ಕೊಡದಿದ್ದರೆ ಇಂಥ ಕೆಲಸ ನಮ್ಮಲ್ಲಿ ಹುಟ್ಟುವುದಾದರೂ ಎಲ್ಲಿಂದ? ಇಂಥವರು ಅರ್ಜಿ ಹಾಕಿದಾಗ ಸಮಿತಿಯಲ್ಲಿ ಒಬ್ಬ ಭೌತಶಾಸ್ತ್ರಜ್ಞರು, ಒಬ್ಬ ವೈದ್ಯರು ಇಬ್ಬರೂ ಇರುವಂತೆ ನೋಡಿಕೊಳ್ಳಿ. ಇದಕ್ಕೆ ಹಣ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.

ಮುಂದಿನ ನೇಮಕಾತಿ ಪ್ರಕಟಣೆ ಹೊರಡಿಸುವ ಮುಂಚೆ ಅರ್ಜಿ ನಮೂನೆಯನ್ನು ಒಮ್ಮೆ ತರಿಸಿಕೊಂಡು ನೋಡಿ. 'ಒಟ್ಟು ಸೈಟೇಶನ್', 'ಎಚ್-ಇಂಡೆಕ್ಸ್' ಅಂತ ಇರುವ ಎರಡು ಕಾಲಂ ತೆಗೆದು, ಆ ಜಾಗದಲ್ಲಿ ಐದು ಪೇಪರ್‌ಗಳಿಗೆ, ಹತ್ತತ್ತು ಸಾಲಿನ ವಿವರಕ್ಕೆ ಜಾಗ ಮಾಡಿ. ಯಾವ ವಿಶ್ವವಿದ್ಯಾಲಯ ಮೊದಲು ಇದನ್ನು ಮಾಡುತ್ತದೋ, ಆ ನಮೂನೆ ಸಿದ್ಧಪಡಿಸಲು ನಾನು ಮತ್ತು ನನ್ನ ಹಲವು ಸಹೋದ್ಯೋಗಿಗಳು ಸಂಬಳವಿಲ್ಲದೆ ಬಂದು ಕೂರಲು ತಯಾರಿದ್ದೇವೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕ್ಯಾನ್ಸರ್ ಆಸ್ಪತ್ರೆಯ ಒಬ್ಬ ಭೌತಶಾಸ್ತ್ರಜ್ಞ
ಬೆಂಗಳೂರು